ಮನೆಯವರ ಪರವಾಗಿ ಒಂದು ನಿವೇದನೆ

ತಂದೆಯೇ, ನಂದಿಬೆಟ್ಟದ ಆಸುಪಾಸಿನ ಈ ಊರುಗಳಲ್ಲಿ ನಿನ್ನ ಚಿತ್ತದ ತಲೆಯ ಮೇಲೆ ನಾವು ಹೊರಿಸಿರುವ ಹೊರೆ ಸಣ್ಣದಲ್ಲ. ಸಾವಿರದ ಇನ್ನೂರು ಅಡಿ ಕೊರೆದ ಬೋರು ಬರೀ ಧೂಳು ಉಗುಳಿದರೆ ನಿನ್ನ ಚಿತ್ತ. ಚಿಂತಾಮಣಿಯ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದು, ಬಾಡಿಗೆಯೂ ಗಿಟ್ಟದೆ ಬಾಕ್ಸುಗಳನ್ನು ರಸ್ತೆ ಬದಿಗೆ ಸುರಿದು ಬಂದರೆ ನಿನ್ನ ಚಿತ್ತ. ಹುಡುಗನಿಗೆ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಕೆಲಸ ಸಿಕ್ಕರೆ ನಿನ್ನ ಚಿತ್ತ, ಸಿಗದಿದ್ದರೂ ನಿನ್ನ ಚಿತ್ತ. ಗೌರಿಬಿದನೂರಿನ ಮನೆಕೂಟದಲ್ಲಿ ಯಾರದೋ ಮಗಳ ಸಂಬಂಧ ಮುರಿದ ಸುದ್ದಿ ಬಂದರೆ, ಕಾರಣ ಕೇಳುವ ಮೊದಲೇ ಎಲ್ಲರ ಬಾಯಲ್ಲೂ ಅದೇ ಮಾತು. ಹಾಗೆ ಹೇಳಿಕೊಳ್ಳುವುದರಲ್ಲಿ ಒಂದು ಸಮಾಧಾನವಿದೆ. ಅತ್ತು ಸುಸ್ತಾದವರಿಗೆ ಒರಗಲು ಒಂದು ಗೋಡೆ ಬೇಕು. ಅದನ್ನು ನಾನು ಹಳಿಯಲಾರೆ. ಆದರೆ ನಮ್ಮ ಪಾಲಿಗೆ ನಿನ್ನ ಚಿತ್ತವೆಂದರೆ ಬಂದೊದಗುವ ಸಂಗತಿ. ಮಾಡಬೇಕಾದ ಕೆಲಸವೆಂದು ಅದನ್ನು ನಾವು ನೆನೆಯುವುದು ಅಪರೂಪ.

ನಿನ್ನ ಮಗ ಆ ಮಾತನ್ನು ಆಡಿದ ಜಾಗವೇ ಬೇರೆ. ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯವನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಮನೆಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ಊಟಕ್ಕೂ ಬಿಡುವಿಲ್ಲ. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡು ಅವನ ಕಡೆಯವರು ಹಿಡಿದು ಕರೆದೊಯ್ಯಲು ಹೊರಟಿದ್ದರು. ತಾಯಿ, ತಮ್ಮಂದಿರು ಹೊರಗೆ ನಿಂತು ಹೇಳಿಕಳಿಸಿದರು. ಅವನು ಸುತ್ತ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡಿ, ನಿನ್ನ ಚಿತ್ತದಂತೆ ನಡೆಯುವವರೇ ತನ್ನ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿ ಎಂದ. ಹೆತ್ತವಳನ್ನು ಅವನು ತಳ್ಳಿಹಾಕಲಿಲ್ಲ ಎನ್ನುವುದಕ್ಕೆ ಶಿಲುಬೆಯೇ ಸಾಕ್ಷಿ. ಕೊನೆಯುಸಿರಿನ ಹೊತ್ತಿನಲ್ಲೂ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದವನು ಅವನು. ಆದರೆ ರಕ್ತ, ಕುಲ, ಊರುಗಳ ಮೇಲೆ ಎದ್ದು ನಿಂತ ಮನೆಯ ಪಕ್ಕದಲ್ಲಿ, ನಿನ್ನ ಚಿತ್ತ ನಡೆಸುವುದೊಂದನ್ನೇ ತಳಪಾಯ ಮಾಡಿಕೊಂಡ ಇನ್ನೊಂದು ಮನೆಯನ್ನು ಅಂದು ಕಟ್ಟಿದ. ಈ ಭಾಗವನ್ನು ಓದುವಾಗಲೆಲ್ಲ ಒಳಗೆ ಅವನ ಸುತ್ತ ಕುಳಿತವರು ನಾವೇ ಎಂದು ನಮಗೆ ಅನ್ನಿಸಿಬಿಡುತ್ತದೆ. ಅಂಗಳದಲ್ಲಿ ನಿಂತು ಹೇಳಿಕಳಿಸಿದವರೂ ನಾವೇ ಇರಬಹುದಲ್ಲ, ಕರ್ತನೇ?

ಶಿಡ್ಲಘಟ್ಟದ ಕಡೆಯ ಹಳ್ಳಿಗಳಲ್ಲಿ ಹುಳ ಹಣ್ಣಾದ ದಿನವನ್ನು ನೀನು ನೋಡಿದ್ದೀಯ. ಎಳೆಯ ಚಾಕಿ ಹುಳ ತಂದು, ಪೊರೆ ಕಳಚುವ ಜ್ವರಗಳನ್ನು ದಾಟಿಸಿ, ಕೊನೆಯ ವಾರ ಹಗಲಿರುಳೆನ್ನದೆ ಸೊಪ್ಪು ಹಾಕಿ ಸಾಕಿದ ರೇಷ್ಮೆ ಹುಳ ಒಂದು ಬೆಳಗ್ಗೆ ಸೊಪ್ಪು ಮುಟ್ಟದೆ ತಲೆಯೆತ್ತಿ ಹಳದಿಗೆ ತಿರುಗುತ್ತದೆ. ಅವತ್ತು ಅದನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆ ಮಣ್ಣು ಪಾಲು. ಅಂದು ಆ ಮನೆಯಲ್ಲಿ ನೆಂಟರು ಯಾರು, ಪಕ್ಕದ ಬೀದಿಯವರು ಯಾರು, ಕೂಲಿಗೆ ಬಂದವರು ಯಾರು ಎಂದು ವಿಚಾರಿಸುವ ಹೊತ್ತಿರುವುದಿಲ್ಲ. ಹುಳ ಆರಿಸುವವರೆಲ್ಲ ಮನೆಯವರೇ. ನಿನ್ನ ಮಗ ಹೇಳಿದ ಕುಟುಂಬ ಹೀಗೇ ಇರಬೇಕೆಂದು ನನಗೆ ತೋರುತ್ತದೆ. ಕೆಲಸ ಮುಗಿದ ಮೇಲೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ ಬೀಳುತ್ತದೆಯೇ ಎಂದು ಮಾತ್ರ ಕೇಳಬೇಡ. ಅಲ್ಲಿಗೆ ಬಂದಾಗ ನಮ್ಮ ಹೋಲಿಕೆ ಮುರಿದು ಬೀಳುತ್ತದೆ.

ಆ ಗೂಡು ಕೆಲವು ದಿನಗಳಲ್ಲಿ ಪೇಟೆಯ ಗೂಡಿನ ಮಾರುಕಟ್ಟೆಗೆ ಬರುತ್ತದೆ. ಬೆಳೆದವನು ಬಹುಪಾಲು ಹಿಂದೂ ರೈತ, ಬಿಚ್ಚುವ ರೀಲರು ಬಹುಪಾಲು ಮುಸ್ಲಿಂ ಮನೆಯವನು, ಕುದಿನೀರಿನ ಬಾಣಲೆಗೆ ಬೆರಳಿಟ್ಟು ಎಳೆ ಹುಡುಕುವವಳು ಯಾವ ಜಾತಿಯವಳಾದರೂ ಬಡವಳು. ಇವರ ನಡುವೆ ಅಲ್ಲಲ್ಲಿ ನಮ್ಮ ಸಣ್ಣ ಸಭೆಗಳು. ಮನೆಯಲ್ಲಿ ತೆಲುಗು ಆಡುವ, ಶಾಲೆಯಲ್ಲಿ ಕನ್ನಡ ಕಲಿತ, ಹಾಡುವಾಗ ಎರಡನ್ನೂ ಬೆರೆಸುವ ಜನ ನಾವು. ಕೈವಾರದ ತಾತಯ್ಯನವರೂ ಎರಡು ಭಾಷೆಯಲ್ಲಿ ಹಾಡಿದ ಸೀಮೆಯಿದು, ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಹೋಗುವ ಸೀಮೆ. ನಿನ್ನನ್ನು ಕೂಗುವವರಿಗೆ ಇಲ್ಲಿ ಬರವಿಲ್ಲ. ಹೀಗಿರುವಾಗ ಇಷ್ಟು ಸಣ್ಣ ಕುಟುಂಬವನ್ನು ನೀನು ಇಲ್ಲಿ ಏಕೆ ನೆಟ್ಟೆ ಎನ್ನುವುದು ನನ್ನನ್ನು ಬಿಡದೆ ಕಾಡುವ ಪ್ರಶ್ನೆ.

ಒಂದು ಉತ್ತರ ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿದೆ. ಅದಕ್ಕಾಗಿ ನಿನಗೆ ಸ್ತೋತ್ರ. ಕಡಪ ಸೀಮೆಯ ಜಮ್ಮಲಮಡುಗಿನಲ್ಲಿ ಮೊದಲು ದುಡಿದ ಲಂಡನ್ ಮಿಷನ್ನಿನ ವೈದ್ಯ ಟಿ.ವಿ. ಕ್ಯಾಂಬೆಲ್ ಕಳೆದ ಶತಮಾನದ ಎರಡನೆಯ ದಶಕದಲ್ಲಿ ಇಲ್ಲಿಗೆ ಬಂದರು. ಮಿಷನ್ನಿನ ಕಾರ್ಯದರ್ಶಿ ವಾರ್ಡ್‌ಲಾ ಥಾಂಪ್ಸನ್ ಅವರ ಹೆಸರಿನಲ್ಲಿ ಆಸ್ಪತ್ರೆ ಎದ್ದಿತು. ಇಂದು ಅದು ಸಿಎಸ್ಐ ಆಸ್ಪತ್ರೆ. ಪ್ಲೇಗು, ಕಾಲರಾ ಎಂದರೆ ಊರಿಗೆ ಊರೇ ಗುಡಿಸಲು ಹಾಕಿಕೊಂಡು ಹೊಲಕ್ಕೆ ಓಡುತ್ತಿದ್ದ ಕಾಲ ಅದು. ಹೆರಿಗೆಯೆಂದರೆ ಹೆಂಗಸು ಸಾವಿನ ಬಾಗಿಲು ತಟ್ಟಿ ಬರಬೇಕು. ಮುಟ್ಟಿದರೆ ಮೈಲಿಗೆಯೆಂದು ಊರು ದೂರವಿಟ್ಟವರ ನಾಡಿಯನ್ನೂ ಅಲ್ಲಿ ಹಿಡಿದು ನೋಡಿದರು. ನಾಡಿ ನೋಡಬೇಕಾದರೆ ಮುಟ್ಟಲೇಬೇಕು. ನಿನ್ನ ಚಿತ್ತದ ಬಗ್ಗೆ ಅವರು ಎಷ್ಟು ಬೋಧನೆ ಮಾಡಿದರೋ ನನಗೆ ಮುಖ್ಯವಲ್ಲ. ಆ ಕೈ ಆ ಮಣಿಕಟ್ಟಿನ ಮೇಲಿದ್ದಷ್ಟು ಹೊತ್ತು ನಿನ್ನ ಚಿತ್ತ ನಡೆಯಿತು. ಬಿಳಿಯ ದೊರೆಗಳ ಆಳ್ವಿಕೆಯ ನೆರಳಿನಲ್ಲಿ ಬಂದವರು ಅವರು, ತಮ್ಮ ನಾಡಿನ ಗರ್ವವನ್ನೂ ಜೊತೆಗೆ ತಂದಿದ್ದವರು. ಅದನ್ನು ನೀನು ತೂಗಿಕೊ, ಕೆಲಸವನ್ನು ನಾವು ನೆನೆಯುತ್ತೇವೆ.

ಇನ್ನೊಂದು ಸ್ತೋತ್ರ, 1947ರ ಸೆಪ್ಟೆಂಬರ್ 27ಕ್ಕಾಗಿ. ದೇಶ ಎರಡು ಹೋಳಾಗಿ ಆರು ವಾರವಾಗಿತ್ತು. ಉತ್ತರದಲ್ಲಿ ರಕ್ತ ಹರಿಯುತ್ತಿತ್ತು. ಅಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಲಂಡನ್ ಮಿಷನ್ನಿನ ಸಭೆಗಳನ್ನೂ ಒಳಗೊಂಡ ದಕ್ಷಿಣ ಭಾರತದ ಐಕ್ಯ ಸಭೆಯವರು ದಕ್ಷಿಣ ಭಾರತ ಸಭೆ ಎಂಬ ಸಿಎಸ್ಐ ಆಗಿ ಒಂದಾದರು. ಬಿಷಪ್ಪರನ್ನು ಒಪ್ಪಿದವರು, ಒಪ್ಪದವರು ಒಂದೇ ಬಲಿಪೀಠದ ಸುತ್ತ ನಿಂತರು. ಯುರೋಪಿನ ಸಭೆಗಳಿಗೆ ನಾಲ್ಕು ಶತಮಾನಗಳಲ್ಲಿ ಸಾಧ್ಯವಾಗದ್ದು ನಮ್ಮ ಹಿರಿಯರಿಗೆ ಸಾಧ್ಯವಾಯಿತು. ಆಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ಚುನಾವಣೆ, ಆಸ್ತಿ ಎಂದು ಕೋರ್ಟಿನ ಮೆಟ್ಟಿಲು ಸವೆಸಿದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ, ಕರ್ತನೇ.

ಈ ಸೀಮೆಯಲ್ಲಿ ನಿನ್ನ ಬಳಿಗೆ ಬಂದವರಲ್ಲಿ ಬಹುಪಾಲು ಜನ ಊರಾಚೆಯ ಕೇರಿಯವರು. ಅವರನ್ನು ಕರೆದದ್ದು ಮನೆಯ ಹೆಸರಿನಲ್ಲಿ. ದೀಕ್ಷಾಸ್ನಾನದ ನೀರು ತಲೆಯ ಮೇಲೆ ಬಿದ್ದ ಕ್ಷಣ ನೀನು ಅಣ್ಣ, ನೀನು ಅಕ್ಕ ಎಂದೆವು. ಸರ್ಕಾರದ ಕಡತದಲ್ಲಿ ಅದೇ ನೀರಿಗೆ ಬೇರೆ ಅರ್ಥ. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೆಯ ಕಂಡಿಕೆಯಂತೆ ಆ ಪಟ್ಟಿಯಲ್ಲಿರಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಇಂದಿಗೂ ಹೊರಗೆ. ಮತ ಬದಲಾದರೆ ಜಾತಿ ಹೋಯಿತೆಂದು ಕಾನೂನು ನಂಬುತ್ತದೆ. ಊರು ನಂಬುವುದಿಲ್ಲ, ಚಹಾದಂಗಡಿಯವನು ನಂಬುವುದಿಲ್ಲ, ಬಾಡಿಗೆಗೆ ಮನೆ ಕೊಡುವವನಂತೂ ನಂಬುವುದೇ ಇಲ್ಲ. ಹಾಗಾಗಿ ನಿನ್ನ ಎಷ್ಟೋ ಮಕ್ಕಳಿಗೆ ಭಾನುವಾರಕ್ಕೊಂದು ಹೆಸರು, ತಹಶೀಲ್ದಾರ್ ಕಚೇರಿಗೆ ಇನ್ನೊಂದು. ಇದನ್ನು ಸುಳ್ಳೆಂದು ಹೀಯಾಳಿಸುವವರಿದ್ದಾರೆ. ಮಗಳ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು ಒಂದು ಪ್ರಮಾಣಪತ್ರದ ಮೇಲೆ ನಿಂತಿರುವ ತಾಯಿಯನ್ನು ನೀನು ಹಾಗೆ ಹೀಯಾಳಿಸುವೆಯೆಂದು ನಾನು ನಂಬಲಾರೆ.

ಆಮಿಷ ತೋರಿಸಿ ಮತಾಂತರ ಮಾಡುತ್ತಾರೆ ಎಂದು ನಮ್ಮ ಮೇಲೆ ದೂರಿದೆ. ಎಲ್ಲಾದರೂ ಯಾರಾದರೂ ಅಕ್ಕಿಗೆ ನಿನ್ನ ಹೆಸರನ್ನು ಮಾರಿದ್ದರೆ ಅವರನ್ನು ನೀನೇ ವಿಚಾರಿಸಿಕೊ, ಅದು ನಮಗೂ ಅವಮಾನ. ಆದರೆ ಈ ಲೆಕ್ಕವನ್ನೊಮ್ಮೆ ಯಾರಾದರೂ ಮಾಡಲಿ: ನಿನ್ನ ಬಳಿಗೆ ಬಂದ ದಲಿತನು ಕಾಗದದ ಮೇಲೆ ಕಳೆದುಕೊಳ್ಳುವುದು ಎಷ್ಟು, ಗಳಿಸುವುದು ಎಷ್ಟು? ಗಳಿಸುವುದು ಒಂದೇ, ಒಂದು ಮನೆ. ಆ ಮನೆಯೂ ಅವನನ್ನು ಹಜಾರದಲ್ಲೇ ಕೂರಿಸಿಬಿಟ್ಟರೆ ಎರಡೂ ಕಡೆಯಿಂದ ಹೋದಂತೆ. ಪ್ರಭುಭೋಜನದ ಬಟ್ಟಲು ಕೈಯಿಂದ ಕೈಗೆ ಸಾಗುವಾಗ ಒಂದಾಗುವ ನಾವು, ಸಂಬಂಧ ಕೂಡಿಸುವ ಹೊತ್ತಿಗೆ ಮತ್ತೆ ಎಡಗೈ, ಬಲಗೈ ಜಾತಿಯ ಲೆಕ್ಕ ತೆಗೆಯುತ್ತೇವೆ. ಬ್ರದರ್ ಎಂದು ಇಪ್ಪತ್ತು ವರ್ಷ ಕರೆದವನ ಮಗನಿಗೆ ನಮ್ಮ ಮಗಳನ್ನು ಕೊಡಲು ಕೈ ಹಿಂದೆ ಸರಿಯುತ್ತದೆ. ಈ ಹಿಂಜರಿಕೆಗೂ ನಿನ್ನ ಚಿತ್ತದ ಹೆಸರಿಟ್ಟದ್ದುಂಟು.

ಕಂಬಾಲಪಲ್ಲಿಯನ್ನು ನಿನ್ನ ಮುಂದೆ ತರದೆ ಚಿಂತಾಮಣಿಗಾಗಿ ಪ್ರಾರ್ಥಿಸಲು ನನಗೆ ಬಾಯಿಲ್ಲ. 2000ದ ಮಾರ್ಚ್ 11. ಅದೇ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಕೊಂದರು. ಕೇಸು ನಡೆಯಿತು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಯಾರೂ ಇಲ್ಲ. ಇದನ್ನು ನಿನ್ನ ಚಿತ್ತವೆನ್ನುವ ನಾಲಿಗೆ ಬಿದ್ದುಹೋಗಲಿ. ಆ ಏಳು ಜನರ ಹೆಸರು ಯಾವ ಸಭೆಯ ದಫ್ತರದಲ್ಲಿತ್ತು ಎಂದು ನೀನು ಕೇಳುವವನಲ್ಲ. ಅವರ ಪೈಕಿ ಯಾರ ಬಳಿಯೂ ನಮ್ಮ ದೀಕ್ಷಾಸ್ನಾನದ ಚೀಟಿ ಇರಲಿಲ್ಲವೆಂದುಕೊಂಡರೂ, ತಮ್ಮನೆಲ್ಲಿ ಎಂದು ಕಾಯಿನನಿಗೆ ಕೇಳಿದ ಪ್ರಶ್ನೆಯನ್ನೇ ನಮಗೂ ಕೇಳುತ್ತೀಯ. ನಿನ್ನ ಮನೆಯ ಗಡಿ ನಮ್ಮ ಸದಸ್ಯತ್ವದ ಪಟ್ಟಿಗಿಂತ ದೊಡ್ಡದು ಎಂದು ನಮಗೆ ಕಲಿಸು. ಮುಂದೆಂದಾದರೂ ಇಂಥ ಕೇಸಿನಲ್ಲಿ ಸಾಕ್ಷಿ ಹೇಳಬೇಕಾಗಿ ಬಂದವರ ಬೆನ್ನಿಗೆ, ಅವರು ಯಾರೇ ಆಗಿರಲಿ, ನಮ್ಮ ಸಭೆಗಳ ಹಿರಿಯರು ಕೋರ್ಟಿನ ಬೆಂಚಿನ ಮೇಲೆ ಕುಳಿತಿರಲಿ. ಸಾಕ್ಷಿ ಎಂದು ಮೈಕು ಹಿಡಿದು ನಾವು ಹೇಳುವುದು ಬಹಳ, ಅಂಥ ಕಡೆ ಹೇಳುವುದು ಕಡಿಮೆ.

ಇದೇ ಸೀಮೆಯ ಸೂಸೈಪಾಳ್ಯಕ್ಕಾಗಿಯೂ ಬೇಡುತ್ತೇನೆ. 2021ರ ಡಿಸೆಂಬರ್ 23, ಕ್ರಿಸ್‌ಮಸ್ಸಿಗೆ ಎರಡೇ ದಿನ. ನೂರ ಅರವತ್ತು ವರ್ಷದ ಸಂತ ಜೋಸೆಫರ ಚರ್ಚಿನಲ್ಲಿ ಸಂತ ಅಂತೋಣಿಯವರ ಪ್ರತಿಮೆಯ ಮುಂದಿನ ಗಾಜು ಒಡೆದು, ಪ್ರತಿಮೆಗೆ ಹಾನಿ ಮಾಡಿದ್ದು ಬೆಳಗಿನ ಜಾವಕ್ಕೆ ಕಂಡಿತು. ಅದೇ ದಿನ ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಅದು ಕಾಯ್ದೆಯಾಯಿತು, 2023ರಲ್ಲಿ ಬಂದ ಹೊಸ ಸರ್ಕಾರದ ಸಂಪುಟ ರದ್ದುಮಾಡಲು ತೀರ್ಮಾನಿಸಿತು. ರಾಜ್ಯದ ವ್ಯವಹಾರ ಇರಲಿ, ಮನೆಯ ವ್ಯವಹಾರಕ್ಕೆ ಬರೋಣ. ನಮ್ಮ ಪಂಗಡದಲ್ಲಿ ಪ್ರತಿಮೆ ಇಡುವ ರೂಢಿಯಿಲ್ಲ. ಅಂಥವರಿಗೆ, ಗೊಂಬೆ ತಾನೇ ಒಡೆದದ್ದು, ಕಥೋಲಿಕರ ಪಾಡು ಎಂದು ದೂರ ನಿಲ್ಲುವುದು ಬಹಳ ಸುಲಭ. ಆ ಸುಲಭದಿಂದ ನಮ್ಮನ್ನು ಬಿಡಿಸು. ಅಣ್ಣನ ಮನೆಯ ಕಿಟಕಿ ಒಡೆದಾಗ ಅವನ ಗೋಡೆಯ ಬಣ್ಣದ ಬಗ್ಗೆ ಯಾರೂ ಚರ್ಚೆ ಮಾಡುವುದಿಲ್ಲ. ಅಂತೋಣಿಯವರ ಮುಂದೆ ಮೇಣದಬತ್ತಿ ಹಚ್ಚುವವರೆಲ್ಲ ಕ್ರೈಸ್ತರೇ ಅಲ್ಲ ಎನ್ನುವುದೂ ಈ ನಾಡಿಗೆ ಗೊತ್ತು. ಕಲ್ಲೆತ್ತಿದವರನ್ನು ಕ್ಷಮಿಸುವುದು ನಿನ್ನ ಚಿತ್ತವೆಂದು ನಮಗೆ ಬಾಯಿಪಾಠವಾಗಿದೆ. ದೂರು ಕೊಟ್ಟು, ಕಾನೂನಿನ ದಾರಿಯಲ್ಲಿ ನಡೆದು, ಆಮೇಲೂ ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳದಿರುವುದು ಹೇಗೆಂದು ಮಾತ್ರ ನೀನೇ ಕೈಹಿಡಿದು ತೋರಿಸಬೇಕು. ಹೆದರಿ ಸುಮ್ಮನಾಗುವುದಕ್ಕೆ ಕ್ಷಮೆಯ ಹೆಸರು ಇಡದಂತೆ ಕಾಯು.

ತೋಟಕ್ಕೆ ಕಳಿಸಿದ ಇಬ್ಬರು ಮಕ್ಕಳ ಕಥೆಯನ್ನು ನಿನ್ನ ಮಗ ಹೇಳಿದ್ದನಲ್ಲ, ಒಬ್ಬ ಹೋಗುತ್ತೇನೆಂದು ಹೋಗಲಿಲ್ಲ, ಒಬ್ಬ ಹೋಗುವುದಿಲ್ಲ ಎಂದವನು ಹೋಗಿ ದುಡಿದ. ಗೌರಿಬಿದನೂರಿನ ವಿಷಯ ಬಂದಾಗಲೆಲ್ಲ ನನಗೆ ಹೋಗಿ ದುಡಿದ ಆ ಮಗನ ನೆನಪು. ಅದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಪವಾಡಗಳನ್ನು ಒಪ್ಪಿದವರಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿದವರು. ನಮ್ಮ ಉಜ್ಜೀವನ ಕೂಟಗಳಿಗೆ ಬಂದಿದ್ದರೆ ನಮಗೂ ನಾಲ್ಕು ಕಟು ಪ್ರಶ್ನೆ ಬೀಳುತ್ತಿತ್ತು, ಬೀಳಬೇಕಾಗಿತ್ತು ಕೂಡ. ಬಡ ಮನೆಯಲ್ಲಿ ಹುಟ್ಟಿ, ಓದಿಗಾಗಿ ಊರಿಂದ ನಡೆದೇ ಬೆಂಗಳೂರು ಸೇರಿ, ಮದುವೆಯಾಗದೆ, ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕು ಕಳೆದು, ಈ ಬರದ ನಾಡಿನ ಮಕ್ಕಳಿಗೆ ಗೌರಿಬಿದನೂರಿನಲ್ಲಿ ನ್ಯಾಷನಲ್ ಕಾಲೇಜಿನ ಬಾಗಿಲು ತೆರೆದರು. ನಿನ್ನ ಹೆಸರೆತ್ತದೆ ನಿನ್ನ ತೋಟದಲ್ಲಿ ದುಡಿದವರ ಪಟ್ಟಿ ನಿನ್ನ ಬಳಿ ಇದೆ. ನಮ್ಮ ಹೆಸರು ಇನ್ನೊಂದು ಪಟ್ಟಿಯಲ್ಲಿ ಬಾರದಿರಲಿ.

ನೀರಿನ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಂದಿಯ ಸಾಲುಬೆಟ್ಟಗಳಲ್ಲಿ ಪಿನಾಕಿನಿಗಳು, ಪಾಲಾರ್, ಚಿತ್ರಾವತಿ, ಅರ್ಕಾವತಿ ಹುಟ್ಟುತ್ತವೆ. ನದಿಗಳ ತವರಿನಲ್ಲೇ ಕುಡಿಯಲು ನೀರಿಲ್ಲ. ಕೊರೆದು ಕೊರೆದು ಮೇಲೆ ಬಂದ ನೀರಲ್ಲಿ ಫ್ಲೋರೈಡ್. ಹಲ್ಲು ಕಂದಿದ ಮಕ್ಕಳು, ಕೀಲು ಬಿಗಿದ ಮುದುಕರು. 2016ರ ಮಾರ್ಚ್‌ನಲ್ಲಿ ನಮ್ಮ ರೈತರು ಟ್ರ್ಯಾಕ್ಟರ್ ಏರಿ ನೀರು ಕೇಳಲು ಬೆಂಗಳೂರಿಗೆ ಹೊರಟರು, ಹೆಬ್ಬಾಳದಲ್ಲಿ ಲಾಠಿ ತಿಂದರು. ಆಮೇಲೆ ಬಂದದ್ದು ಹೆಬ್ಬಾಳ–ನಾಗವಾರ ಕಣಿವೆಯ ನೀರು, ನಗರ ಬಳಸಿ ಬಿಟ್ಟದ್ದು. ಎರಡು ಹಂತ ಶುದ್ಧ ಮಾಡಿ ಕಂದವಾರದಂಥ ಕೆರೆಗಳಿಗೆ ಹರಿಸುತ್ತಾರೆ. ಮೂರನೆಯ ಹಂತವೂ ಆಗಲೆಂದು ಜನ ಇನ್ನೂ ಕೇಳುತ್ತಿದ್ದಾರೆ. ತುಂಬಿದ ಕೆರೆ ನೋಡಿ ಸಂತೋಷಪಡುವುದೋ, ಹೆದರುವುದೋ ತಿಳಿಯದ ಸ್ಥಿತಿ ನಮ್ಮದು. ಮಳೆಗಾಗಿ ಉಪವಾಸ ಪ್ರಾರ್ಥನೆ ಇಡುವ ನಮಗೆ ನೀರಿಗಾಗಿ ಧರಣಿ ಕೂರುವುದೂ ಪ್ರಾರ್ಥನೆಯೇ ಎಂದು ಹೊಳೆಯಿಸು. ನಿನ್ನ ಮಗ ಸಮಾರ್ಯದ ಬಾವಿಯ ಕಟ್ಟೆಯ ಮೇಲೆ ಕುಳಿತು, ಯಾರ ಕೈಯ ನೀರು ಕುಡಿಯಬಾರದೆಂದು ಅವನ ಜನ ಹೇಳುತ್ತಿದ್ದರೋ ಅವಳನ್ನೇ ನೀರು ಕೇಳಿದ. ಬಾವಿ, ಜಾತಿ, ಬಾಯಾರಿಕೆ ಮೂರೂ ಒಂದೆಡೆ ಇರುವ ಆ ಕಥೆಯನ್ನು ಅರ್ಥಮಾಡಿಕೊಳ್ಳಲು ಈ ಜಿಲ್ಲೆಯವರಿಗೆ ವ್ಯಾಖ್ಯಾನದ ಪುಸ್ತಕ ಬೇಡ.

ಹಾಗಾಗಿ ಬೇಡುವುದನ್ನು ಸ್ಪಷ್ಟವಾಗಿ ಬೇಡಿಬಿಡುತ್ತೇನೆ. ಆಸ್ಪತ್ರೆಯ ವಾರ್ಡುಗಳಲ್ಲಿ ರಾತ್ರಿ ಪಾಳಿ ಮಾಡುವ ನರ್ಸಮ್ಮಂದಿರಿಗೆ ಬಲ ಕೊಡು, ನ್ಯಾಯವಾದ ಸಂಬಳವನ್ನೂ ಕೊಡಿಸು. ಸುಗ್ಗಿ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಕುಂಬಳಕಾಯಿ, ಕೋಳಿ, ರಾಗಿ ಹರಾಜು ಕೂಗಿ ಬಂದ ಹಣದಲ್ಲಿ ಒಂದು ಪಾಲು ಕೇರಿಯ ಶುದ್ಧ ನೀರಿನ ಘಟಕದ ರಿಪೇರಿಗೆ ಹೋಗಲಿ. ನಾಣ್ಯ ಹಾಕಿದರೂ ನೀರು ಬಾರದ ಘಟಕಗಳು ಎಷ್ಟಿವೆಯೆಂದು ಬೀದಿಯ ಹೆಂಗಸರಿಗೆ ಗೊತ್ತು. ರೀಲಿಂಗ್ ಬಾಣಲೆಯ ಮುಂದೆ ಬೆರಳು ಬೆಂದ ಅಕ್ಕನ ಮಕ್ಕಳಿಗೆ ಸಂಜೆ ಪಾಠ ಹೇಳಲು ನಮ್ಮ ಯುವಕರು ಎದ್ದು ಹೋಗಲಿ, ಆ ಮಕ್ಕಳು ಕುರಾನ್ ಓದುವ ಮನೆಯವರಾದರೂ ಸರಿ. ಪಾಸ್ಟರ್ ಅಯ್ಯನವರ ಮಾತು ಉದ್ದವಾಗುವಷ್ಟೇ ಅವರ ಕಿವಿಯೂ ಉದ್ದವಾಗಲಿ. ಒಂದೇ ಊರಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಸಭೆಗಳು ವರ್ಷಕ್ಕೊಮ್ಮೆಯಾದರೂ ಒಂದೇ ಅಡುಗೆ ಮಾಡಿ ಉಣ್ಣಲಿ.

ಮತ್ತು ನಮ್ಮ ಮಕ್ಕಳು ಬೆಳೆದು ನಿಂತಿದ್ದಾರೆ. ಅವರಿಗೆ ಗಂಡು, ಹೆಣ್ಣು ನೋಡಲು ಹಿರಿಯರು ಕೂತಾಗ, ಯಾವ ಜನ ಎಂದು ಕೇಳುವ ನಾಲಿಗೆಯನ್ನು ಹಿಡಿದು ನಿಲ್ಲಿಸು. ಅದೊಂದು ನಡೆದರೆ ಉಳಿದದ್ದನ್ನೆಲ್ಲ ನಿನ್ನ ಹತ್ತಿರ ಕೇಳಲು ನಮಗೆ ಮುಖವಿರುತ್ತದೆ. ಆಮೆನ್.